ತಪ್ಪು ಕಪಾಟಿನಲ್ಲಿ ತಾಳಮದ್ದಳೆ

ನನ್ನ ಅತ್ತೆಗೆ ಒಂದೇ ಒಂದು ಆಸೆಯಿತ್ತು. ಬಂಗಾರದ್ದಲ್ಲ, ಕಾಶಿಯಾತ್ರೆಯದ್ದೂ ಅಲ್ಲ. ನೆಂಟರಲ್ಲದ ಯಾರಾದರೂ ಡೊಂಬಿವಲಿ ಪೂರ್ವದ ನಮ್ಮ ಲಿಫ್ಟಿಲ್ಲದ ಕಟ್ಟಡದ ಮೆಟ್ಟಿಲು ಹತ್ತಿ ಬಂದು, "ನಿಮ್ಮ ತಾಳಮದ್ದಳೆ ನಮ್ಮಲ್ಲಿ ಆಗಬೇಕು" ಎಂದು ಬಾಯಿ ತುಂಬ ಕರೆಯಬೇಕು. ಅವರಿಗೆ ಅಷ್ಟು ಸಾಕಿತ್ತು. ಅಷ್ಟೇ ಸಿಗುತ್ತಿರಲಿಲ್ಲ.

ತಾಳಮದ್ದಳೆ ಎಂದರೇನೆಂದು ಧಾರವಾಡದಿಂದ ಉಡುಪಿಯವರ ಮನೆಗೆ ಸೊಸೆಯಾಗಿ ಬಂದ ನನಗೂ ಗೊತ್ತಿರಲಿಲ್ಲ. ಯಕ್ಷಗಾನದಿಂದ ಬಣ್ಣ, ಕಿರೀಟ, ಕುಣಿತ ಎಲ್ಲ ಕಳೆದರೆ ಉಳಿಯುವುದು ಇದು. ಭಾಗವತರು ಪುರಾಣದ ಒಂದು ಪದ ಹಾಡುತ್ತಾರೆ, ಮದ್ದಳೆ ನುಡಿಯುತ್ತದೆ, ತಾಳ ಟಿಣ್ ಎನ್ನುತ್ತದೆ. ಕೂಡಲೇ ಕುಳಿತವರಲ್ಲಿ ಒಬ್ಬರು ರಾಜರಾಗಿ, ಎದುರಿನವರು ದೂತರಾಗಿ, ಆ ಪದದ ಅರ್ಥ ಹಿಡಿದು ವಾದಕ್ಕೆ ಇಳಿಯುತ್ತಾರೆ. ಬರೆದಿಟ್ಟ ಮಾತು ಒಂದೂ ಇಲ್ಲ, ಹೊಳೆದಂತೆ ಹೇಳುವುದು. ಅತ್ತೆಯ ತಂಡದಲ್ಲಿ ಎಲ್ಲರೂ ಹೆಂಗಸರು. ಹಾಡುವವರು ಠಾಣೆಯ ಶಾಲೆಯೊಂದರ ಟೀಚರು, ಮದ್ದಳೆಯವರು ಕಲ್ಯಾಣದ ಒಬ್ಬ ಗೃಹಿಣಿ, ಅರ್ಥ ಹೇಳುವವರು ಅತ್ತೆ ಮತ್ತು ಅವರ ಗೆಳತಿಯರು. ಶನಿವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಅವರು ಅಭ್ಯಾಸಕ್ಕೆ ಕೂತರೆ, ಪಕ್ಕದ ಮನೆಯ ಮರಾಠಿ ಆಜಿ ನಮ್ಮಲ್ಲಿ ಆಸ್ತಿ ಪಾಲಾಗುತ್ತಿದೆ ಎಂದುಕೊಂಡು ಸಮಾಧಾನ ಹೇಳಲು ಬರುತ್ತಿದ್ದರು.

ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಪ್ರತಿವರ್ಷ ತಾಳಮದ್ದಳೆ ಇದ್ದೇ ಇರುತ್ತಿತ್ತು, ಗಂಡಸರದ್ದು. ಹೆಂಗಸರಿಗೆ ರಂಗೋಲಿ, ಆರತಿ, ಪಾನಕ. ಸಂಘದ ಕಾರ್ಯದರ್ಶಿಗಳು ನಮ್ಮದೇ ಹೌಸಿಂಗ್ ಸೊಸೈಟಿಯ ಎದುರು ಕಟ್ಟಡದಲ್ಲಿ, ಎದುರು ವಿಂಗಿನಲ್ಲಿದ್ದರು. ಹಾಲಿನ ಬೂತಿನಲ್ಲಿ ಸಿಕ್ಕಾಗಲೆಲ್ಲ "ಮುಂದಿನ ವರ್ಷ ನೋಡುವ ಅಕ್ಕ" ಎನ್ನುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಡೊಂಬಿವಲಿಗೂ ಬಂದಿತ್ತು.

"ನೀವ ಒಂದ್ಸಲ ಹೋಗಿ ಬಾಯಿಬಿಟ್ಟು ಕೇಳ್ರೆಲಾ ಅತ್ತಿ" ಎಂದೆ ಒಮ್ಮೆ.

"ಕರೆಯದೆ ಇರುವವರ ಮನೆಗೆ ಕಳಸಗಿತ್ತಿಯಾಗಿ ಹೋಗುದಾ? ಅದೆಲ್ಲ ನನ್ನಿಂದ ಆಗುದಿಲ್ಲ ಮಾರಾಯ್ತಿ."

ಕರೆಯುವುದೆಂದರೆ ಮನೆಗೆ ಬಂದು, ಕುಂಕುಮ ಕೊಟ್ಟು, ಕಾಫಿ ಕುಡಿದು ಕರೆಯುವುದು. ಫೋನಿನಲ್ಲಿ ಹೇಳಿದ್ದು ಸುದ್ದಿ, ಕರೆಯಲ್ಲ. ಸ್ವಂತ ಸೋದರ ಸಂಬಂಧಿಯ ಮದುವೆಗೆ ಅತ್ತೆ ಹೋಗಿರಲಿಲ್ಲ. ಅವರು ಪತ್ರಿಕೆಯನ್ನು ಕಲ್ಯಾಣ ಸ್ಟೇಷನ್ನಿನ ಬ್ರಿಡ್ಜಿನ ಮೇಲೆ ಎದುರುಬದುರು ಸಿಕ್ಕಾಗ ಕೈಗಿತ್ತಿದ್ದರು. "ಬ್ರಿಡ್ಜಿನ ಮೇಲೆ ಕೊಟ್ಟದ್ದು ಕರೆಯಾ, ಹ್ಯಾಂಡ್‌ಬಿಲ್ಲಾ?" ಎಂದು ಅತ್ತೆ ಇವತ್ತಿಗೂ ಕೇಳುತ್ತಾರೆ.

ಇಂಟರ್ನೆಟ್ಟು ಫೋನಿನ ತಂತಿಯಲ್ಲೇ ಕಿರುಚಿಕೊಂಡು ಬರುತ್ತಿದ್ದ ಕಾಲ ಅದು. ನಾನು ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದೆ. ಊಟದ ಬಿಡುವಿನಲ್ಲಿ ವೆಬ್ ಪೇಜು ಮಾಡುವುದನ್ನು ಕಲಿತು, ಕಲಿತದ್ದೇ ತಡ, ತಲೆ ತಿರುಗಿತ್ತು. ಅತ್ತೆಯ ತಂಡಕ್ಕೆ ಒಂದು ಪೇಜು ಮಾಡಿಯೇಬಿಟ್ಟೆ. ಹಿನ್ನೆಲೆ ಅರಿಶಿನ ಬಣ್ಣ. ಮೇಲೆ ಎರಡು ದೀಪ ಮಿಣಮಿಣ ಎನ್ನುತ್ತಿದ್ದವು. ನಡುವೆ ಅತ್ತೆಯ ತಂಡದ ಫೋಟೋ: ರೇಷ್ಮೆ ಸೀರೆಯಲ್ಲಿ ಸಾಲಾಗಿ ಕುಳಿತ ಹೆಂಗಸರು, ಮುಂದೆ ಮೈಕು, ಅತ್ತೆಯ ತೋರುಬೆರಳು ಎದುರಿನವರ ಮೂಗಿಗೆ ನೇರ, ಎದುರಿನವರ ಕಣ್ಣು ಕೆಂಡ. ಆಗ ಕನ್ನಡ ಅಕ್ಷರ ಎಲ್ಲ ಕಂಪ್ಯೂಟರಿನಲ್ಲಿ ಮೂಡುತ್ತಿರಲಿಲ್ಲ. ಅದಕ್ಕೆ ಕನ್ನಡದಲ್ಲಿ ಬರೆದದ್ದನ್ನೆಲ್ಲ ಚಿತ್ರ ಮಾಡಿ ಅಂಟಿಸಿದೆ. ನನಗಂತೂ ನನ್ನ ಪೇಜು ನೋಡಿ ನೋಡಿ ಸಾಕಾಗಲಿಲ್ಲ.

ಪೇಜು ಆಯಿತು, ನೋಡುವವರು ಬೇಕಲ್ಲ. ಇಲ್ಲಿಂದ ನಮ್ಮ ಮನೆ ಎರಡು ಪಕ್ಷವಾಯಿತು. ನನ್ನ ಗಂಡ ಸರ್ಚ್ ಇಂಜಿನ್ ಪಕ್ಷ. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವರು, ಕನ್ನಡಕ್ಕೆ ಹಿಂದಿಯ ಒಗ್ಗರಣೆಯಿಲ್ಲದೆ ಮಾತು ಬಾರದು. "ಅರೆ, ಡೈರೆಕ್ಟರಿ ಯಾರು ನೋಡ್ತಾರೆ ಈಗ? ಸರ್ಚ್‌ನಲ್ಲಿ ಡಾಲ್ ದೇ, ಹಾಕಿದರಾಯ್ತು, ಬಸ್. ಮಶೀನು ಎಲ್ಲ ಹುಡುಕ್ತದೆ" ಎಂದರು.

ನಾನು ಡೈರೆಕ್ಟರಿ ಪಕ್ಷ. ವೆಬ್ ಡೈರೆಕ್ಟರಿಯೆಂದರೆ ಮನುಷ್ಯರೇ ಕೂತು ಜೋಡಿಸಿದ ದೊಡ್ಡ ಕಪಾಟು. ಕಲೆಗೊಂದು ಖಾನೆ, ಅಡುಗೆಗೊಂದು ಖಾನೆ, ಖಾನೆಯೊಳಗೆ ಇನ್ನಷ್ಟು ಖಾನೆ. ನಮ್ಮ ಪೇಜನ್ನು ಕಳಿಸಿದರೆ ಒಬ್ಬ ಸಂಪಾದಕ, ಸಂಬಳವಿಲ್ಲದೆ ಬರೀ ಹುಚ್ಚಿಗೆ ಕೆಲಸ ಮಾಡುವ ಮನುಷ್ಯ, ಕಣ್ಣಾರೆ ನೋಡಿ, ಯೋಗ್ಯವೆನಿಸಿದರೆ ತಕ್ಕ ಖಾನೆಯಲ್ಲಿ ಇಡುತ್ತಾನೆ. "ಕಣ್ಣಿದ್ದವರು ನೋಡಿ ಹೂಂ ಅನ್ನೋದು ಬ್ಯಾರೆ, ಮಶೀನು ಹೂಂ ಅನ್ನೋದು ಬ್ಯಾರೆ" ಎಂದು ನಾನೂ ಪಟ್ಟು ಹಿಡಿದೆ.

ತೀರ್ಪು ಅತ್ತೆಯ ಪೀಠಕ್ಕೆ ಹೋಯಿತು. ಅವರು ತೊಂಡೆಕಾಯಿ ಹೆಚ್ಚುತ್ತಾ ಎರಡೂ ಕಡೆಯ ವಾದ ಕೇಳಿದರು.

"ಈ ಸರ್ಚ್ ಇಂಜಿನ್ ನಮ್ಮ ಪೇಜು ಇರುದು ಹೇಗೆ ತಿಳಿಯುದು?"

"ಅದರದ್ದೊಂದು ಪ್ರೋಗ್ರಾಮ್ ಉಂಟಮ್ಮ, ಎಲ್ಲರ ಪೇಜಿಗೂ ತಾನೇ ಹೋಗಿ ನೋಡಿ ಬರ್ತದೆ" ಎಂದರು ಮಗ.

"ಕರೆಯದೇ? ಅಡಿಗೆ ಕೋಣೆಗೂ ಹೋಗ್ತದಾ?"

ಅತ್ತೆ ನನ್ನತ್ತ ತಿರುಗಿದರು. "ನಿನ್ನ ಕಪಾಟಿನವ?"

"ಅಂವಾ ಹಂಗ ಬರೂದಿಲ್ರಿ. ನಾವ ಅರ್ಜಿ ಹಾಕಬೇಕು."

"ಅರ್ಜಿಯಾ? ಅರ್ಥ ಹೇಳುವವರು ಅರ್ಜಿ ಹಾಕ್ಲಿಕ್ಕುಂಟಾ?" ತೊಂಡೆಕಾಯಿ ಕಚಕ್ಕೆಂದು ಎರಡಾಯಿತು. "ಒಂದು ಕರೆಯದೆ ಒಳಗೆ ಬರುದು, ಇನ್ನೊಂದು ನಮ್ಮನ್ನೇ ಬಾಗಿಲಲ್ಲಿ ನಿಲ್ಲಿಸುದು. ಎರಡಕ್ಕೂ ಮರ್ಯಾದೆ ಗೊತ್ತಿಲ್ಲ."

ಕಡೆಗೆ ರಾಜಿ ಆಯಿತು. ಅತ್ತೆಗೆ ಇದೊಂದೂ ಗೊತ್ತಿಲ್ಲವೆಂದು ಲೆಕ್ಕ. ಸೊಸೆ ಅಭಿಮಾನದಿಂದ ಏನೋ ಮಾಡಿಕೊಂಡಳು, ಮಗ ಏನೋ ಮಾಡಿಕೊಂಡ. ನಮ್ಮಿಬ್ಬರಲ್ಲಿ ಪಂದ್ಯ: ಯಾರ ದಾರಿಯಿಂದ ಮೊದಲ ಕರೆ ಬರುತ್ತದೋ ಅವರು ಗೆದ್ದಂತೆ, ಸೋತವರು ಭಾನುವಾರದ ತೆಂಗಿನಕಾಯಿ ತುರಿಯಬೇಕು. ಉಡುಪಿಯವರ ಮನೆಯಲ್ಲಿ ಭಾನುವಾರ ಎಷ್ಟು ತೆಂಗಿನಕಾಯಿ ಬೇಕೆಂದು ಬಲ್ಲವರಿಗೆ ಪಂದ್ಯದ ತೂಕ ತಿಳಿಯುತ್ತದೆ.

ಗಂಡ ದಿನಾ ಆಫೀಸಿನಿಂದ ಬಂದವರೇ ಚಪ್ಪಲಿ ಬಿಡುವ ಮೊದಲು ಸರ್ಚ್ ಮಾಡುತ್ತಿದ್ದರು. ಉಡುಪಿಯ ತಂಡ ಬರುತ್ತಿತ್ತು, ಮಂಗಳೂರಿನದು ಬರುತ್ತಿತ್ತು, ಮದ್ದಳೆ ಮಾರುವ ಅಂಗಡಿಯೂ ಬರುತ್ತಿತ್ತು, ನಾವು ಮಾತ್ರ ಇಲ್ಲ. ಒಂದು ದಿನ ಕಾರಣ ಹೊಳೆಯಿತು. ನಾನು ಕನ್ನಡವನ್ನೆಲ್ಲ ಚಿತ್ರವಾಗಿ ಅಂಟಿಸಿದ್ದೆನಲ್ಲ, ಮಶೀನಿಗೆ ಚಿತ್ರ ಓದಲು ಬಾರದು. ಅದರ ಪಾಲಿಗೆ ನನ್ನ ಅರಿಶಿನ ಬಣ್ಣದ ಮಹಾಕೃತಿ ಒಂದು ಖಾಲಿ ಹಾಳೆ. ಗಂಡ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಸೇರಿಸಿದರು. ಆಮೇಲೆ ನಾವು ಬಂದೆವು, ಆದರೆ ಪುಟದ ಮೇಲೆ ಪುಟ ದಾಟಿದ ಮೇಲೆ, ಬೇಸರ ಬಂದು ಎಲ್ಲರೂ ಎದ್ದು ಹೋಗುವಲ್ಲಿ. ಬೇರೆ ಬೇರೆ ಪೇಜುಗಳು ನಮ್ಮತ್ತ ಕೈ ತೋರಿಸಿದರೆ ಮಾತ್ರ ಮಶೀನು ನಮ್ಮನ್ನು ಮುಂದಕ್ಕೆ ಕೂರಿಸುತ್ತದಂತೆ.

"ಅಂದರೆ ಮೊದಲೇ ಹೆಸರಾದವರನ್ನೇ ಕರೆಯುದು" ಎಂದರು ಅತ್ತೆ. "ಅದೂ ನಮ್ಮ ಕಾರ್ಯದರ್ಶಿಯ ಹಾಗೆಯೇ."

ನನ್ನ ಕಪಾಟಿನವನಿಂದಲೂ ವಾರಗಟ್ಟಲೆ ಸುದ್ದಿಯಿಲ್ಲ. ನಾನು ಆ ಕಾಣದ ಸಂಪಾದಕನ ಬಗ್ಗೆ ಲೋಕಲ್ ಗಾಡಿಯಲ್ಲಿ ನಿಂತು ಕನಸು ಕಾಣುತ್ತಿದ್ದೆ. ಯಾವ ದೇಶದವನೋ, ಚಹಾ ಕುಡಿಯುವವನೋ ಕಾಫಿಯವನೋ, ಅವನ ಹೆಂಡತಿಯೂ ಪಂದ್ಯ ಕಟ್ಟಿದ್ದಾಳೋ. ಒಂದು ದಿನ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಾ ಡೈರೆಕ್ಟರಿ ತೆರೆದರೆ, ನಮ್ಮ ಪೇಜು ಅಲ್ಲಿತ್ತು. ಆದರೆ ಸಂಗೀತದಲ್ಲಿಲ್ಲ, ನಾಟಕದಲ್ಲಿಲ್ಲ, ಕರ್ನಾಟಕದಲ್ಲೂ ಇಲ್ಲ. ಚರ್ಚಾಕೂಟಗಳ ಖಾನೆಯಲ್ಲಿತ್ತು. ಪಾಪ, ಆ ಮನುಷ್ಯನಿಗೆ ಕನ್ನಡ ಬಾರದು. ಫೋಟೋ ನೋಡಿದ್ದಾನೆ: ಸಾಲಾಗಿ ಕುಳಿತ ಹೆಂಗಸರು, ಮೈಕು, ಬೆರಳು, ಕೆಂಡಗಣ್ಣು. ಗಂಡ ಬರೆದ ನಾಲ್ಕು ಸಾಲಿನಲ್ಲಿ 'ಗಂಟೆಗಟ್ಟಲೆ ವಾದ ಮಾಡುತ್ತಾರೆ' ಎಂದೂ ಇದೆ. ಇನ್ನೇನು ಬೇಕು? ವಿದೇಶದ ಕಾಲೇಜು ಹುಡುಗರ ಎರಡು ಡಿಬೇಟ್ ಕ್ಲಬ್ಬುಗಳ ನಡುವೆ 'ಡೊಂಬಿವಲಿಯ ಮಹಿಳಾ ಚರ್ಚಾ ತಂಡ' ಎಂದು ಅತ್ತೆಯನ್ನು ಕೂರಿಸಿಬಿಟ್ಟಿದ್ದಾನೆ.

ನಾನು ನಕ್ಕ ನಗೆಗೆ ಡಬ್ಬಿಯ ಮಜ್ಜಿಗೆಹುಳಿ ಮೇಜಿನ ಮೇಲೆ ಚೆಲ್ಲಿತು. ಮನೆಗೆ ಬಂದು ಹೇಳಿದರೆ ಗಂಡ ನೆಲಕ್ಕೆ ಕೂತು ನಕ್ಕರು. ಅತ್ತೆ ಮಾತ್ರ ನಗಲಿಲ್ಲ. "ತಪ್ಪೆಂತದು? ನಾವು ಮಾಡುದು ಅದೇ ಅಲ್ವಾ" ಎಂದರು.

ಖಾನೆ ತಿದ್ದಲು ಬರೆಯಬೇಕು ಎಂದುಕೊಳ್ಳುತ್ತಾ ದಿನ ತಳ್ಳುತ್ತಿದ್ದೆ. ಅಷ್ಟರಲ್ಲಿ ಈಮೇಲ್ ಬಂತು. ಬರೆದವಳು ವಾಶಿಯ ಒಂದು ಕಂಪನಿಯ ಸಿಬ್ಬಂದಿ ವಿಭಾಗದ ಮರಾಠಿ ಹೆಣ್ಣುಮಗಳು. ಅವರ ಸ್ಟಾಫ್ ಕ್ಲಬ್ಬು ಸಾನಪಾಡಾದ ಒಂದು ಸಭಾಗೃಹದಲ್ಲಿ ಚರ್ಚಾಸ್ಪರ್ಧೆ ಇಟ್ಟಿದೆ, ಹೊರಗಿನ ತಂಡಗಳನ್ನೂ ಕರೆಯುತ್ತಿದೆ, ಹೆಂಗಸರ ತಂಡ ಒಂದೂ ಸಿಕ್ಕಿಲ್ಲ. ಡೈರೆಕ್ಟರಿಯಲ್ಲಿ ನಮ್ಮನ್ನು ಕಂಡು ಖುಷಿಯಾಗಿದೆ, ದಯವಿಟ್ಟು ಬನ್ನಿ.

ನಾನು ಕುಣಿಯುತ್ತಾ ಅದನ್ನು ಅತ್ತೆಗೆ ಓದಿ ಹೇಳಿದೆ. ಅತ್ತೆಯ ಕಣ್ಣು ಒಂದು ಸಲ ಮಿಂಚಿತು. ಆಮೇಲೆ ಮುಖ ಗಂಭೀರವಾಯಿತು.

"ಮನೆಗೆ ಬಂದು ಕರೆಯಲಿ."

"ಅತ್ತೀ, ವಾಶಿಯಿಂದ ಇಲ್ಲೀತನಕಾ? ಅವ್ರು ಎರಡು ಗಾಡಿ ಬದಲಿ ಮಾಡಬೇಕ್ರಿ."

"ನಾವು ಹೋಗುವಾಗಲೂ ಎರಡು ಗಾಡಿಯೇ ಅಲ್ವಾ."

ಗಂಡ ಕೈ ಚೆಲ್ಲಿದರು. ನಾನು ನಾಚಿಕೆ ಬಿಟ್ಟು ಇದ್ದದ್ದು ಇದ್ದ ಹಾಗೆ ಬರೆದೆ: ನಾವು ಡಿಬೇಟಿನವರಲ್ಲ, ಹಾಡು ಮದ್ದಳೆ ಇಟ್ಟುಕೊಂಡು ವಾದಿಸುವವರು, ಖಾನೆ ತಪ್ಪಿದೆ. ಆದರೂ ಬೇಕೆಂದರೆ ನಮ್ಮ ಅತ್ತೆಯನ್ನು ಮನೆಗೆ ಬಂದು ಕರೆಯಬೇಕು, ಅವರ ಪದ್ಧತಿ ಹಾಗೆ. ಕಳಿಸಿದ ಮೇಲೆ, ಸಿಕ್ಕಿದ ಒಂದು ಕರೆಯನ್ನು ಕೈಯಾರೆ ಕೆಡಿಸಿದೆ ಎಂದು ನನಗೆ ಅಳುವೇ ಬಂದಿತ್ತು.

ಭಾನುವಾರ ಬೆಳಗ್ಗೆ ಬಾಗಿಲಲ್ಲಿ ನೀಲಿ ಚೂಡಿದಾರದ ಒಬ್ಬಳು ಹುಡುಗಿ ಏದುಸಿರು ಬಿಡುತ್ತಾ ನಿಂತಿದ್ದಳು. ಈಮೇಲ್ ಬರೆದವಳೇ ಅವಳು, ಕೈಯಲ್ಲಿ ಪೇಢೆಯ ಡಬ್ಬಿ. ಒಳಗೆ ಬಂದವಳೇ ಪರ್ಸಿನಿಂದ ಕುಂಕುಮದ ಪುಟ್ಟ ಭರಣಿ ತೆಗೆದು ಅತ್ತೆಯ ಹಣೆಗಿಟ್ಟು, ಕಾಲಿಗೆ ನಮಸ್ಕರಿಸಿ, "ಕಾಕೂ, ತುಮ್ಹಿ ಯಾಯಲಾಚ್ ಪಾಹಿಜೆ" ಎಂದಳು, ಚಿಕ್ಕಮ್ಮ, ನೀವು ಬರಲೇಬೇಕು ಎಂದು. ಅವಳ ಆಜಿಯೂ ಹೀಗೆಯೇ, ಕರೆಯದೆ ಸ್ವಂತ ತಮ್ಮನ ಮನೆಗೂ ಹೋಗದವಳಂತೆ. ಅತ್ತೆ ಅವಳಿಗೆ ನೀರುದೋಸೆ ತಿನ್ನಿಸಿ, ರವಿಕೆ ಕಣ ಕೊಟ್ಟು, ಮೆಟ್ಟಿಲವರೆಗೆ ಹೋಗಿ ಕಳಿಸಿ ಬಂದರು. ಒಳಗೆ ಗಂಡ ಕಾಯಿ ತುರಿಯಲು ಕೂತಿದ್ದರು. ಮನುಷ್ಯರ ಪಕ್ಷ ಗೆದ್ದಿತ್ತು. ನನಗೆ ಆ ದಿನ ಗಾಳಿಯಲ್ಲಿ ನಡೆದಾಡಿದ ಹಾಗಿತ್ತು.

ಸ್ಪರ್ಧೆಯ ದಿನ ಠಾಣೆಯಲ್ಲಿ ಗಾಡಿ ಬದಲಿಸಿ ವಾಶಿ ಲೈನಿನ ಲೇಡೀಸ್ ಡಬ್ಬಿ ಹತ್ತಿದೆವು. ಮದ್ದಳೆ ಕಂಡದ್ದೇ ತಡ, ಇವರು ಭಜನೆಯವರು ಎಂದುಕೊಂಡು ಡಬ್ಬಿಯ ಹೆಂಗಸರು ಎದ್ದು ಜಾಗ ಕೊಟ್ಟರು. ಕೊಟ್ಟ ಜಾಗದ ಋಣಕ್ಕೆ ಟೀಚರು ಹಾಡಲೇಬೇಕಾಯಿತು. ಐರೋಲಿಯಿಂದ ತುರ್ಭೆಯವರೆಗೆ ಯಾರೋ ಚಪ್ಪಾಳೆ ಹಾಕುತ್ತಿದ್ದರು, ಯಾರೋ ಬಟಾಣಿ ಸುಲಿಯುತ್ತಲೇ ತಲೆದೂಗುತ್ತಿದ್ದರು. ಸಾನಪಾಡಾದಲ್ಲಿ ಇಳಿಯುವಾಗ ನಮಗೆ ಆಗಲೇ ಗೆದ್ದಂತಾಗಿತ್ತು.

ವಿಷಯ: ಯಂತ್ರ ಬಂದ ಮೇಲೆ ಮನುಷ್ಯ ಬೇಕೆ? ಚೀಟಿ ಎತ್ತಿದರೆ ನಮಗೆ ಬಂದದ್ದು ಯಂತ್ರದ ಪಕ್ಷ. ನಾನು ಅಷ್ಟು ದಿನ ಹೊಡೆದಾಡಿದ್ದು ಮನುಷ್ಯರ ಪಕ್ಷಕ್ಕೆ. ಅತ್ತೆ ತಣ್ಣಗಿದ್ದರು. ನಿನ್ನೆ ದೂತನಾಗಿದ್ದವರು ಇಂದು ರಾಜನಾಗಿ ಮಾತಾಡುವುದು, ನಿನ್ನೆ ಬೈದದ್ದನ್ನು ಇಂದು ಹೊಗಳುವುದು, ಅವರಿಗೆ ನೀರು ಕುಡಿದಷ್ಟು ಸಲೀಸು. ಎದುರಿಗೆ ಟೈ ಕಟ್ಟಿದ ಇಬ್ಬರು ಆಫೀಸರುಗಳು ಕಾಗದದ ಕಟ್ಟು ಹಿಡಿದು ನಿಂತಿದ್ದರು. ನಮ್ಮವರು ನಿಲ್ಲಲಿಲ್ಲ. ವೇದಿಕೆಯ ಮೇಲೆ ಜಮಖಾನ ಹಾಸಿ ಕೂತರು. ಮದ್ದಳೆ ಇಲ್ಲದೆ ಬಾಯಿ ಬರುವುದಿಲ್ಲ ಎಂದು ಅತ್ತೆ ಮೊದಲೇ ಹೇಳಿದ್ದರು.

ಮುಂಬೈಯ ಮಾರ್ಕೆಟ್ಟಿನಲ್ಲಿ ಪಳಗಿದ ಹಿಂದಿಯಲ್ಲಿ ಅತ್ತೆ ಶುರು ಮಾಡಿದರು. ಎದುರಿನ ಆಫೀಸರನ್ನು ಮಹಾರಾಜನೆಂದು ಕರೆದು ಸಿಂಹಾಸನದಲ್ಲಿ ಕೂರಿಸಿ, ತಾವು ಯಂತ್ರಲೋಕದಿಂದ ಬಂದ ದೂತನಾದರು. ಆಫೀಸರ ಮುಖ ಕೆಂಪಾಯಿತು, ಸಭೆ ಮುಂದಕ್ಕೆ ಬಾಗಿತು. ಸಮಯ ಮುಗಿದಾಗ ತೀರ್ಪುಗಾರರು, ಒಬ್ಬ ನಿವೃತ್ತ ಪ್ರಿನ್ಸಿಪಾಲರು, ಮೇಜಿನ ಮೇಲಿನ ಬೆಲ್ ಬಾರಿಸಿದರು. ಟಿಣ್.

ಡಿಬೇಟಿನಲ್ಲಿ ಬೆಲ್ ಬಾರಿಸಿದರೆ ನಿಲ್ಲಿಸಬೇಕು. ತಾಳಮದ್ದಳೆಯಲ್ಲಿ ಟಿಣ್ ಎಂದರೆ ಮುಂದುವರಿಸು ಎಂದು. ಎಷ್ಟೋ ವರ್ಷದ ಅಭ್ಯಾಸ. ಕಲ್ಯಾಣದ ಗೃಹಿಣಿಯ ಕೈ ತನ್ನಷ್ಟಕ್ಕೆ ಮದ್ದಳೆಯ ಮೇಲೆ ಬಿತ್ತು. ಮದ್ದಳೆ ನುಡಿದ ಮೇಲೆ ಟೀಚರು ಸುಮ್ಮನಿರುವುದುಂಟೆ? ಒಂದು ಪದ ಎತ್ತಿದರು. ಪದ ಮುಗಿದ ಮೇಲೆ ಅತ್ತೆ ಸುಮ್ಮನಿರುವುದುಂಟೆ? ಹೊಸ ಹುರುಪಿನಿಂದ ಇನ್ನೊಂದು ಸುತ್ತು ಹೊರಟರು. ಪ್ರಿನ್ಸಿಪಾಲರು ಗಾಬರಿಯಾಗಿ ಮತ್ತೆ ಬಾರಿಸಿದರು. ಟಿಣ್. ಇನ್ನೊಂದು ಪದ. ನೀಲಿ ಚೂಡಿದಾರದ ಹುಡುಗಿ ದುಪ್ಪಟ್ಟಾ ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಸಭೆ ಬೆಂಚು ಬಡಿಯುತ್ತಿತ್ತು. ಬೆಲ್ ಬಾರಿಸಿದಷ್ಟೂ ಇವರು ಉಬ್ಬುತ್ತಾರೆಂದು ಗೊತ್ತಾದ ಮೇಲೆ ಪ್ರಿನ್ಸಿಪಾಲರು ಬೆಲ್ಲನ್ನು ಪಕ್ಕಕ್ಕಿಟ್ಟು, ಕನ್ನಡಕ ತೆಗೆದು, ಕೆನ್ನೆಗೆ ಕೈ ಕೊಟ್ಟು ಕೇಳಲು ಕೂತರು.

ಆಗ ಅತ್ತೆಯ ಧ್ವನಿ ಇಳಿಯಿತು. ಯಂತ್ರ ಮುಖ ನೋಡಿ ಮಣೆ ಹಾಕುವುದಿಲ್ಲ, ಮಹಾರಾಜ, ಎಂದರು. ಮಣೆ ಹಾಕುವ ಮೊದಲು ಮುಖ ನೋಡುವವನು ಮನುಷ್ಯ. ಇವರು ನಮ್ಮವರು, ಇವರು ಗಂಡಸರು, ಇವರು ಹೆಸರಾದವರು ಎಂದು ಆರಿಸುವವನು ಮನುಷ್ಯ. ನಮ್ಮ ಎದುರು ಮನೆಯಲ್ಲೂ ಒಬ್ಬ ಮನುಷ್ಯರಿದ್ದಾರೆ. ವರ್ಷ ವರ್ಷ ನನಗೆ ಪಾನಕ ಮಾಡಲು ಹೇಳಿದರು, ಮಾತಾಡಲು ಹೇಳಲಿಲ್ಲ.

ಸಭೆ ನಗುವುದನ್ನು ನಿಲ್ಲಿಸಿತು. ಅಷ್ಟು ವರ್ಷ ಮನೆಯಲ್ಲಿ ಒಂದು ದಿನವೂ ಆಡದ ನೋವನ್ನು ಅವರು ಸಾನಪಾಡಾದ ಅಪರಿಚಿತರ ಮುಂದೆ, ಅದೂ ಯಂತ್ರದ ವಕೀಲಿಕೆಯಲ್ಲಿ, ಹೇಳಿಬಿಟ್ಟಿದ್ದರು.

ಅಲ್ಲಿಗೆ ನಿಲ್ಲಿಸಿದ್ದರೆ ಬಹುಮಾನ ನಮ್ಮದೇ. ಅತ್ತೆ ನಿಲ್ಲಿಸಲಿಲ್ಲ. "ಆದರೂ ಒಂದು ಮಾತು ಮಹಾರಾಜನಿಗೆ ಬಿಟ್ಟುಕೊಡುತ್ತೇನೆ" ಎಂದರು. ಯಂತ್ರ ಯಾರನ್ನು ಬೇಕಾದರೂ ಹುಡುಕೀತು. ಆದರೆ ನನ್ನನ್ನು ಕರೆಯಲು ಎರಡು ಗಾಡಿ ಬದಲಿಸಿ, ಮೆಟ್ಟಿಲು ಹತ್ತಿ, ಕುಂಕುಮ ಹಿಡಿದು ಬಂದದ್ದು ಯಂತ್ರವಲ್ಲ. ಅಗೋ, ಅಲ್ಲಿ ಕೂತ ಆ ಮಗಳು. ಹಾಗೆಂದು ಕೈ ಮುಗಿದರು. ತಮ್ಮ ಪಕ್ಷವನ್ನು ತಾವೇ ಸೋಲಿಸಿದ ಮೊದಲ ತಂಡ ನಮ್ಮದೇ ಎಂದು ಪ್ರಿನ್ಸಿಪಾಲರು ನಗುತ್ತಾ ಘೋಷಿಸಿದರು. ಬಹುಮಾನದ ಕಪ್ ಎದುರಿನ ಆಫೀಸರುಗಳಿಗೆ ಹೋಯಿತು. ಫೋಟೋ ತೆಗೆಸಿಕೊಳ್ಳಲು ಜನ ನಮ್ಮ ಜಮಖಾನಕ್ಕೆ ಬಂದರು.

ಆ ಹುಡುಗಿ ಫೋಟೋಗಳನ್ನೆಲ್ಲ ಕಂಪನಿಯ ಪೇಜಿಗೆ ಹಾಕಿ, ಅಲ್ಲಿಂದ ನಮ್ಮ ಪೇಜಿಗೆ ದಾರಿ ಕೊಟ್ಟಳು. ಪ್ರಿನ್ಸಿಪಾಲರು ತಮ್ಮ ಕಾಲೇಜಿನ ಪೇಜಿನಲ್ಲಿ ಬರೆಸಿದರು. ಡೈರೆಕ್ಟರಿಯದ್ದಂತೂ ಇದ್ದೇ ಇತ್ತು. ಇಷ್ಟು ಜನ ಕೈ ತೋರಿಸಿದ ಮೇಲೆ ಮಶೀನಿಗೂ ನಾವು ಕಂಡೆವು. ಒಂದು ಸಂಜೆ ಗಂಡ ಚಪ್ಪಲಿಯಲ್ಲೇ ಕುಣಿದರು. ಮುಂಬೈ ಎಂದು ಸೇರಿಸಿ ತಾಳಮದ್ದಳೆ ಹುಡುಕಿದರೆ ಎಲ್ಲಕ್ಕಿಂತ ಮೇಲೆ ಅತ್ತೆಯ ತೋರುಬೆರಳು. ಇನ್ನು ಕಾಯಿ ಯಾರು ತುರಿಯಬೇಕೆಂದು ಹೊಸ ಜಗಳ ಶುರುವಾಯಿತು.

ಆ ಜಗಳದ ನಡುವೆಯೇ ಫೋನು ಬಂತು. ಎತ್ತಿದ್ದು ಅತ್ತೆ. ಆಚೆಯ ಧ್ವನಿ ನಮಗೂ ಕೇಳುವಷ್ಟು ದೊಡ್ಡದಿತ್ತು.

"ಅಕ್ಕ, ನಾನು ಸಂಘದ ಕಾರ್ಯದರ್ಶಿ. ಈ ವರ್ಷ ಗಂಡಸರ ತಂಡದವರು ಊರಿಗೆ ಹೋಗಿದ್ದಾರೆ. ಬೇರೆ ಒಳ್ಳೆ ತಂಡ ಉಂಟಾ ಅಂತ ಇಂಟರ್ನೆಟ್ಟಿನಲ್ಲಿ ಹುಡುಕಿದೆ. ನೋಡಿದರೆ ಎಂಥದು, ನಿಮ್ಮದೇ ಮೊದಲು ಬಂತು."

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಅತ್ತೆ ಫೋನಿನ ವಯರು ಎಳೆದುಕೊಂಡು ಕಿಟಕಿಗೆ ಬಂದರು. ಎದುರು ವಿಂಗಿನ ಕಿಟಕಿಯಲ್ಲಿ ಬನಿಯನ್ನು ಹಾಕಿಕೊಂಡ ಕಾರ್ಯದರ್ಶಿಗಳು ಫೋನು ಹಿಡಿದು ನಿಂತದ್ದು ನಮಗೆಲ್ಲ ಸ್ಪಷ್ಟ ಕಾಣುತ್ತಿತ್ತು.

"ನೀವು ನನಗೆ ಇಲ್ಲಿಂದಲೇ ಕಾಣ್ತಾ ಇದ್ದೀರಿ" ಎಂದರು ಅತ್ತೆ. "ಮೆಟ್ಟಿಲು ಇಳಿದು, ಈಚೆ ಮೆಟ್ಟಿಲು ಹತ್ತಿ ಬನ್ನಿ. ಮನೆಯವರನ್ನೂ ಕರ್ಕೊಂಡು ಬನ್ನಿ. ಕಾಫಿಗೆ ನೀರಿಡ್ತೇನೆ."

ಫೋನಿಟ್ಟರು. ನಾನು, ಗಂಡ ಉಸಿರು ಬಿಗಿಹಿಡಿದು ಎದುರಿನ ಕಿಟಕಿ ನೋಡುತ್ತಿದ್ದೆವು. ಅದು ಖಾಲಿಯಾಯಿತು. ಬರುತ್ತಾರೋ, ಸಿಟ್ಟಾಗಿ ಒಳಗೆ ಕೂತರೋ ಗೊತ್ತಾಗಲಿಲ್ಲ. ಅತ್ತೆ ಒಳಗೋಡಿ ಸೀರೆ ಬದಲಿಸಿ ಬಂದರು. ಗ್ಯಾಸು ಹಚ್ಚಿ ಕಾಫಿಗೆ ನೀರಿಟ್ಟರು.

"ನಾನು ಹೆಚ್ಚು ಹೇಳಿದೆನಾ ಮಾರಾಯ್ತಿ? ಬರ್ತಾರಾ ಅವರು?"

ನನಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು. "ಬರ್ತಾರ್ರಿ ಅತ್ತಿ" ಎಂದೆ, ನನಗೇ ನಂಬಿಕೆಯಿಲ್ಲದಿದ್ದರೂ.

ಮೆಟ್ಟಿಲಲ್ಲಿ ಎರಡು ಜೊತೆ ಚಪ್ಪಲಿಯ ಸದ್ದು, ಹೆಂಗಸಿನ ಬಳೆಯ ಸದ್ದು. ನಮ್ಮ ಬಾಗಿಲಿನ ಬೆಲ್ ಆಯಿತು. ಸಾನಪಾಡಾದಲ್ಲಿ ಬೆಲ್ ಬಾರಿಸಿದಷ್ಟೂ ಮಾತಾಡಿದ ನನ್ನ ಅತ್ತೆ ಸೌಟು ಹಿಡಿದು ನಿಂತೇ ಇದ್ದರು, ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಬಾಗಿಲು ನಾನೇ ಹೋಗಿ ತೆಗೆದೆ.